ಸರದಾರನ ಖುರಾಕು

ನಮ್ಮ ಮಾವ ಗೈಬುಸಾಬರಿಗೆ ಪ್ರೀತಿ ತೋರಿಸುವ ದಾರಿ ಗೊತ್ತಿದ್ದದ್ದು ಒಂದೇ. ಎದುರಿಗಿದ್ದವರ ತಾಟಿಗೆ ಕೇಳದೆ ಇನ್ನೊಂದು ರೊಟ್ಟಿ ಹಾಕುವುದು. ನಾನು ಮದುವೆಯಾಗಿ ನಾಲತವಾಡಕ್ಕೆ ಬಂದ ದಿನ ಬಾಯಿ ತಪ್ಪಿ 'ಸಾಕ್ರಿ' ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ನಾನು ಬೇಡ ಅನ್ನುವ ಮಾತನ್ನೇ ಮರೆತೆ. ಹೆಂಗಸರು ಉಂಡರೋ ಇಲ್ಲವೋ ಎಂದು ಒಲೆಯ ಬಳಿ ಬಂದು ನೋಡುವ ಗಂಡಸು ಆ ಓಣಿಗೆಲ್ಲ ಅವರೊಬ್ಬರೇ ಇದ್ದರು, ಅದನ್ನೂ ಹೇಳಬೇಕು.

ಮಾವ ಹರೆಯದಲ್ಲಿ ಪೈಲವಾನರು. ಮುದ್ದೇಬಿಹಾಳದಿಂದ ಇಂಡಿ ತಾಲೂಕಿನವರೆಗೆ ಅವರು ಇಳಿಯದ ಕುಸ್ತಿಯ ಕಣ ಇರಲಿಲ್ಲವಂತೆ. ಸಿಂದಗಿಯ ಕಣದಲ್ಲಿ ಎದುರಾಳಿ ಕಾಲು ತಿರುವಿದ್ದಕ್ಕೆ ಎರಡೂ ಮೊಣಕಾಲು ಹೋದವು ಎಂದು ಅವರೇ ಹೇಳುತ್ತಿದ್ದರು. ವರ್ಷ ಕಳೆದಂತೆ ಆ ಕತೆಯಲ್ಲಿ ಎದುರಾಳಿ ಎತ್ತರವಾಗುತ್ತಲೇ ಹೋದ. ಮಾವ ಮಾತ್ರ ನೆಲಕ್ಕೆ ಕುಳಿತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ನಮಾಜನ್ನೂ ಸ್ಟೂಲಿನ ಮೇಲೆ ಕುಳಿತೇ ಮಾಡುತ್ತಿದ್ದರು.

ಅರವತ್ತೆರಡನೇ ಇಸವಿಯಲ್ಲಿ ತಂಗಡಗಿಯ ಹತ್ತಿರ ಕೃಷ್ಣಾ ನದಿ ಅಳೆಯಲು ಒಬ್ಬ ಇಂಜಿನಿಯರ ಸಾಹೇಬರು ಡೇರೆ ಹಾಕಿದ್ದರು. ಮಾವ ಅಲ್ಲಿ ಆರು ತಿಂಗಳು ಕಾವಲಿಗಿದ್ದರು. ಸಾಹೇಬರ ಹತ್ತಿರ ಕರುವಿನಷ್ಟೆತ್ತರದ ಒಂದು ಹೆಣ್ಣುನಾಯಿ ಇತ್ತು. ವರ್ಗವಾಗಿ ಹೊರಟಾಗ ಅದರ ಮರಿಗಳಲ್ಲಿ ಒಂದನ್ನು ಮಾವನ ಮಡಿಲಿಗೆ ಹಾಕಿ, 'ಇದು ಭಾಳ ದೊಡ್ಡದಾಗೋ ಜಾತಿ. ಸಾವಕಾಶ ಬೆಳೆಸು. ಹೆಚ್ಚು ತಿನ್ನಿಸಬೇಡ' ಅಂದರಂತೆ. ಈ ಮಾತನ್ನು ಮಾವ ಮನೆಯಲ್ಲಿ ನಗುತ್ತಾ ಹೇಳಿದರು.

"ಸಾಹೇಬ ಮಂದಿ ಹಂಗ. ನಾಯಿಗೆ ಹಾಕೂದಕ್ಕೂ ಜೀವ ಹಿಡೀತಾರ."

ಬುಟ್ಟಿಯ ಬಟ್ಟೆ ಸರಿಸಿದಾಗ ನಾನು ಮೊದಲು ಕಂಡದ್ದು ಅದರ ಪಂಜ. ಎರಡು ತಿಂಗಳ ಮರಿಗೆ ಅಂಥ ಪಂಜ ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಅಂಗೈ ಪಕ್ಕಕ್ಕಿಟ್ಟು ನೋಡಿದೆ, ಹೆಚ್ಚು ಕಡಿಮೆ ಇರಲಿಲ್ಲ. ಬೂದಿ ಬಣ್ಣದ ಮೈ, ಮೈಗಿಂತ ಒಂದು ಅಳತೆ ದೊಡ್ಡ ಚರ್ಮ. ಇಷ್ಟು ದೊಡ್ಡದನ್ನು ಅಲ್ಲಾಹ ಇಷ್ಟು ಸಣ್ಣದರಿಂದ ಶುರು ಮಾಡುತ್ತಾನಲ್ಲ ಎಂದು ಮೈ ಜುಮ್ಮೆಂದಿತು. ಅತ್ತೆ ಶಮಶಾದಬಿ ಮಾತ್ರ ಹೊಸ್ತಿಲಲ್ಲೇ ನಿಂತು ಕಾಯಿದೆ ಮಾಡಿದರು.

"ನಮಾಜಿನ ಮನಿ ಇದು. ಕುನ್ನಿ ದನದ ಕೊಟ್ಟಿಗ್ಯಾಗ ಇರ್ಲಿ. ಮುಟ್ಟಿದವರು ಕೈಕಾಲು ತೊಳಕೊಂಡ ಒಳಗ ಬರ್ರಿ."

ಮಾವ ಅದಕ್ಕೆ ಸರದಾರ ಎಂದು ಹೆಸರಿಟ್ಟರು. ತಾವು ಕುಸ್ತಿಯ ದಿನಗಳಲ್ಲಿ ಉಂಡ ಖುರಾಕನ್ನೇ ಅದಕ್ಕೂ ಶುರು ಮಾಡಿದರು. ಬೆಳಿಗ್ಗೆ ಎರಡು ಸೇರು ಹಾಲಿಗೆ ತುಪ್ಪ, ಅರೆದ ಬದಾಮಿ, ನಾಲ್ಕು ತತ್ತಿ. ಮಧ್ಯಾಹ್ನ ಮಾಂಸ. ಸಂಜೆ ಕುರಿಯ ಕಾಲು ಕುದಿಸಿದ ಪಾಯಾ. ಎಲುಬು ಗಟ್ಟಿಯಾಗಲೆಂದು ಸುಣ್ಣದ ತಿಳಿನೀರು ಬೇರೆ. ಉಂಡದ್ದು ಮೈಗೆ ಹತ್ತಬೇಕಲ್ಲ, ಅದಕ್ಕೆ ತಾಲೀಮು. ಕೊರಳಿಗೆ ಮರಳಿನ ಚೀಲ ಕಟ್ಟಿ ಅಂಗಳ ಸುತ್ತಿಸುವುದು, ಕಟ್ಟೆಯ ಮೇಲೆ ಹತ್ತಿಸಿ ಕೆಳಗೆ ಹಾರಿಸುವುದು, ಇಪ್ಪತ್ತು ಸಲ. ಮಾವ ಸ್ಟೂಲಿನ ಮೇಲೆ ಕುಳಿತು ಎಣಿಸುತ್ತಿದ್ದರು.

ನಾನು ಪ್ರತಿ ಸಂತೆಯ ದಿನ ಅದನ್ನು ಕೊಟ್ಟಿಗೆಯ ಕಂಬಕ್ಕೆ ನಿಲ್ಲಿಸಿ ಬೆನ್ನಿನ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆಯುತ್ತಿದ್ದೆ. ಗೆರೆಗಳು ಏಣಿಯ ಹಾಗೆ ಮೇಲೇರಿದವು. ವಾರಕ್ಕೆ ಎರಡು ಬೆರಳು, ಒಮ್ಮೊಮ್ಮೆ ಮೂರು. ನಾಲ್ಕು ತಿಂಗಳಿಗೆ ಓಣಿಯ ದೊಡ್ಡ ನಾಯಿಗಳೂ ಅದರ ಹೆಗಲಿಗಿಂತ ಕೆಳಗೇ ಉಳಿದವು. ಊರ ಮಂದಿ ಬಂದು ನಿಂತು ನೋಡಿ, ಏನೂ ಮಾತಾಡದೆ ಹೋಗುತ್ತಿದ್ದರು. ಬಾಯಿ ಬಡಕರೆಂದು ಹೆಸರಾದ ಊರು ನಮ್ಮದು, ಅದನ್ನು ಹೀಗೆ ಸುಮ್ಮನಿರಿಸಿದ್ದು ನಾನು ಕಂಡಂತೆ ಸರದಾರನೊಬ್ಬನೇ. ನನಗೂ ಹೆಮ್ಮೆ ತಲೆಗೇರಿತ್ತು. ಸುಳ್ಳು ಯಾಕೆ ಹೇಳಲಿ, ಮಾವ ಮರೆತ ದಿನ ಬದಾಮಿ ಅರೆದು ಕೊಟ್ಟವಳೂ ನಾನೇ.

ಐದನೇ ತಿಂಗಳಿಗೆ ಮುಂಗಾಲು ಬಾಗಿದವು. ಮೊದಲು ಪಂಜ ಹೊರಗೆ ಸೊಟ್ಟಾಯಿತು, ಆಮೇಲೆ ಗೆಣ್ಣು ಬಾತು ಬಿಸಿಯಾದವು. ಮಾವ ಇನ್ನಷ್ಟು ಸುಣ್ಣದ ನೀರು ಕುಡಿಸಿದರು. ಒಂದು ಬೆಳಿಗ್ಗೆ ಸರದಾರ ಏಳಲೇ ಇಲ್ಲ. ಬಟ್ಟಲು ತೋರಿಸಿದರೆ ಮುಂಗಾಲು ಊರಿ ಏಳಲು ನೋಡಿತು, ಸಣ್ಣಗೆ ಕುಂಯ್ಗುಟ್ಟಿ ಮತ್ತೆ ಮಲಗಿತು. ಅಷ್ಟು ದೊಡ್ಡ ದೇಹದಿಂದ ಬಂದದ್ದು ಅಷ್ಟು ಸಣ್ಣ ದನಿ.

ನನ್ನ ಗಂಡ ಫಕ್ರುದ್ದೀನ ಮೂರು ದಿನ ನೋಡಿ ಅಪ್ಪನೆದುರು ನಿಂತು ಹೇಳಿದ.

"ಒಂದು ತಿಂಗಳು ನೋಡೂಣು ಅಪ್ಪಾ. ನಿಂತ್ರ ನಿಂತೀತು. ಇಲ್ಲಂದ್ರ ಬಂದೂಕು ಇದ್ದವರನ್ನ ಕರಸ್ತೇನಿ. ಹಿಂಗ ನರಳಿಸೂದು ಪಾಪ."

ಅಂದು ಮಾವನೂ ಉಣ್ಣಲಿಲ್ಲ.

ಸರದಾರನ ತುಪ್ಪ ಬರುತ್ತಿದ್ದದ್ದು ತಂಗಡಗಿಯ ಸಿದ್ದಲಿಂಗವ್ವನಿಂದ. ಗಂಡ ತೀರಿದ ಮೇಲೂ ಹೊಳೆಸಾಲಿನ ದೊಡ್ಡ ಹೋರಿಗಳನ್ನು ಒಬ್ಬಳೇ ಬೆಳೆಸಿ ಮಾರುವ ಹೆಂಗಸು. ಆ ಸಂತೆಯ ದಿನ ತುಪ್ಪದ ಗಡಿಗೆ ಇಳಿಸುತ್ತಾ ಕೇಳಿದಳು.

"ಸಾಬೀರಾ, ನಿಮ್ಮ ಮನ್ಯಾಗ ಮದವಿ ಐತೇನು? ಇಷ್ಟು ತುಪ್ಪ ಯಾರು ತಿಂತಾರವಾ?"

"ನಾಯಿಮರೀರಿ" ಅಂದೆ.

ಗಡಿಗೆ ಅಲ್ಲೇ ಬಿಟ್ಟು ಕೊಟ್ಟಿಗೆಗೆ ನಡೆದಳು. ಸರದಾರನ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದಳು. ಅವಳ ಮುಖದಲ್ಲಿ ಕಂಡದ್ದು ಕನಿಕರ ಅಲ್ಲ, ದೊಡ್ಡವರ ಮುಂದೆ ಕುಳಿತಾಗಿನ ಮರ್ಯಾದೆ. ಆಮೇಲೆ ಒಂದೊಂದೇ ಗೆಣ್ಣು ಹಿಡಿದು ನೋಡಿದಳು, ಪಕ್ಕೆ ಒತ್ತಿದಳು, ಮರಳಿನ ಚೀಲ ಎತ್ತಿ ತೂಕ ನೋಡಿ ಬದಿಗೆ ಎಸೆದಳು. ಸ್ಟೂಲಿನ ಮೇಲಿದ್ದ ಮಾವನ ಕಡೆ ತಿರುಗಿದಳು.

"ಪೈಲವಾನರ, ಇದರ ವಯಸ್ಸೆಷ್ಟು?"

"ಐದು ತಿಂಗಳು."

"ಐದು ತಿಂಗಳ ಕೂಸಿನ ಕೊರಳಿಗೆ ಮರಳ ಕಟ್ಟೀರಿ. ಇದರ ಎಲಬು ಇನ್ನೂ ಹಸಿ ಅದಾವ. ಮ್ಯಾಲೆ ನೀವು ಮಾಂಸ ಹೇರಾಕತ್ತೀರಿ. ಹಸಿ ಕಂಬದ ಮ್ಯಾಲೆ ಮಾಳಿಗಿ ಹಾಕಿದ್ರ ಏನಾಕ್ಕೈತಿ?"

ಮಾವನಿಗೆ ಸಿಟ್ಟು ಬಂತು. "ದೊಡ್ಡ ಜಾತಿ ಐತಿ. ದೊಡ್ಡದಕ್ಕ ದೊಡ್ಡ ಖುರಾಕು ಬೇಕ."

"ದೊಡ್ಡ ಜಾತಿಗೇ ಕೈ ಹಿಡದು ಹಾಕಬೇಕ್ರಿ. ಸಣ್ಣ ಆಕಳ ಕರ ಎಷ್ಟು ಕುಡಿದ್ರೂ ನಡೀತೈತಿ. ನಮ್ಮ ಮೊದಲನೇ ಹೋರಿ ಭಾಳ ಚಂದ ಬೆಳೀಲಿ ಅಂತ ನನ್ನ ಗಂಡ ಎರಡು ಆಕಳ ಹಾಲು ಕುಡಿಸಿದ. ಒಂಬತ್ತು ತಿಂಗಳಿಗೆ ಮುಂಗಾಲು ಕುಸದು ಬಿತ್ತು. ಮತ್ತ ಏಳಲಿಲ್ಲ. ಅವತ್ತಿನಿಂದ ದೊಡ್ಡ ಕರ ಹುಟ್ಟಿತಂದ್ರ ನನಗ ಸಂತೋಷಕ್ಕಿಂತ ಅಂಜಿಕಿ ಹೆಚ್ಚು."

ಅವಳು ಹೇಳಿದ್ದನ್ನು ನಾನು ಮನಸ್ಸಿನಲ್ಲಿ ಬರೆದುಕೊಂಡೆ. ತುಪ್ಪ, ಬದಾಮಿ, ಪಾಯಾ, ಸುಣ್ಣದ ನೀರು ಅಂದಿನಿಂದಲೇ ಬಂದ್. ಜೋಳದ ನುಚ್ಚು, ಮಜ್ಜಿಗೆ, ಒಂದು ತತ್ತಿ, ಅಳತೆಯ ಮಾಂಸ. ಒಂದೇ ಸಲಕ್ಕೆ ಸುರಿಯದೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು. ಹಾರಿಸಬಾರದು. ಉಂಡ ಮೇಲೆ ಓಡಿಸಬಾರದು, ಹೊಟ್ಟೆ ತಿರುವಿಕೊಂಡೀತು. ಹಾಸುಗಲ್ಲಿನ ಮೇಲಲ್ಲ, ಮರಳಿನ ಮೇಲೆ ಮಲಗಿಸಬೇಕು. ಎರಡು ವರ್ಷ ತುಂಬುವ ತನಕ ಬೆನ್ನಿನ ಮೇಲೆ ಒಂದು ಕೂಸಿನ ಭಾರವೂ ಬೀಳಬಾರದು.

"ಬೆಳೀತೈತಿ ಅದು" ಎಂದು ಏಳುತ್ತಾ ಹೇಳಿದಳು. "ಎಷ್ಟು ಬೆಳೀಬೇಕು ಅಂತ ಹುಟ್ಟಿದಾಗಲೇ ಅದರ ಮೈಯಾಗ ಬರದೈತಿ. ನೀವು ಅವಸರ ಮಾಡಿದ್ರ ಎತ್ತರ ಹೆಚ್ಚಾಗೂದಿಲ್ಲ, ಕಾಲು ಹೋಗತಾವ."

ಕಾಯಂ ಗಿರಾಕಿಯನ್ನು ಕಳೆದುಕೊಂಡು, ತಂದ ತುಪ್ಪವನ್ನು ತಿರುಗಿ ಹೊತ್ತುಕೊಂಡೇ ಹೋದಳು.

ಹೇಳಿದಷ್ಟು ಸುಲಭ ಇರಲಿಲ್ಲ. ಸರದಾರ ಬರಿದಾದ ಬಟ್ಟಲು ನೆಕ್ಕಿ, ಅದನ್ನು ಮೂಗಿನಿಂದ ತಳ್ಳುತ್ತಾ ನಮ್ಮ ಮುಖ ನೋಡುತ್ತಿತ್ತು. ಮಾವ ಆ ನೋಟ ತಾಳಲಾರದೆ ಕೊಟ್ಟಿಗೆಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದರು. ಹತ್ತನೇ ದಿನ ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ನೀರು ಹಾಕಲು ಹೋದೆ. ಮಾವ ಗೋಡೆ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಅಡುಗೆಮನೆಯಿಂದ ಕದ್ದು ತಂದ ಹಿತ್ತಾಳೆ ಬಟ್ಟಲು, ತುಂಬ ಹಾಲು, ಮೇಲೆ ತುಪ್ಪ ತೇಲುತ್ತಿತ್ತು.

ಎಂಟು ವರ್ಷದಲ್ಲಿ ನಾನು ಮಾವನ ಮುಖವನ್ನು ನೇರವಾಗಿ ನೋಡಿದವಳಲ್ಲ. ಸೆರಗು ಹಣೆಯ ತನಕ ಇರುತ್ತಿತ್ತು, ಮಾತು ನೆಲಕ್ಕೆ ಹೇಳಿದಂತಿರುತ್ತಿತ್ತು. ಅಂದು ಹೋಗಿ ಎದುರಿಗೆ ನಿಂತೆ.

"ಕೊಡ್ರಿ ಇಲ್ಲಿ."

"ಹಸದೈತಿ ಸಾಬೀರಾ."

"ಹಸೀಲಿ. ಅದು ನಿಂದ್ರಬೇಕಲ್ರಿ."

ಕೊಡಲಿಲ್ಲ. ನಾನೇ ಅವರ ಕೈಯಿಂದ ಬಟ್ಟಲು ಕಸಿದುಕೊಂಡೆ. ಚೆಲ್ಲಲು ಮನಸ್ಸು ಬರಲಿಲ್ಲ, ಇಡಲು ಜಾಗ ಕಾಣಲಿಲ್ಲ. ಅವರೆದುರೇ ನಿಂತು ಗಟಗಟ ಕುಡಿದುಬಿಟ್ಟೆ. ಕುಡಿದ ಮೇಲೇ ನಾನು ಏನು ಮಾಡಿದೆನೆಂದು ತಿಳಿದದ್ದು. ತವರಿಗೆ ಕಳಿಸುತ್ತಾರೆ ಎಂದೇ ಅಂದುಕೊಂಡೆ. ಮಾವ ಬರಿದಾದ ತಮ್ಮ ಕೈಯನ್ನು ಬಹಳ ಹೊತ್ತು ನೋಡಿಕೊಂಡರು. ಆ ಕೈಯಿಂದ ಯಾರಾದರೂ ಏನನ್ನಾದರೂ ಕಸಿದುಕೊಂಡದ್ದು ಅವರಿಗೆ ನೆನಪಿರಲಿಲ್ಲವೇನೋ. ಆಮೇಲೆ ಗೋಡೆ ಹಿಡಿದು ಒಳಗೆ ನಡೆದರು. ಮರುದಿನದಿಂದ ನುಚ್ಚನ್ನು ಅವರೇ ಅಳೆದು ಹಾಕತೊಡಗಿದರು. ಮುಟಿಗೆಯಲ್ಲಿ ತೆಗೆದು, ಅದರಲ್ಲಿ ಚೂರು ತಿರುಗಿ ಚೀಲಕ್ಕೆ ಉದುರಿಸುತ್ತಿದ್ದರು. ಹಾಗೆ ಉದುರಿಸುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಫಕ್ರುದ್ದೀನ ಹೇಳಿದ ತಿಂಗಳಿನ ಇಪ್ಪತ್ತಾರನೇ ದಿನ ಬೆಳಿಗ್ಗೆ ನಾನು ಸಗಣಿ ತೆಗೆಯುತ್ತಿದ್ದೆ. ಹಿಂದೆ ಮರಳು ಸರಿದ ಸದ್ದಾಯಿತು. ತಿರುಗಿದೆ. ಸರದಾರ ಮೊದಲು ಹಿಂಗಾಲು ಎತ್ತಿತು. ಒಂದು ಮುಂಗಾಲು ಊರಿ ತಡೆಯಿತು. ಇನ್ನೊಂದನ್ನೂ ಊರಿತು. ಮೈಯೆಲ್ಲ ನಡುಗುತ್ತಿತ್ತು. ಹಾಗೇ ಎದ್ದು ನಿಂತಿತು. ಆ ಇಡೀ ತಿಂಗಳು ಮಲಗಿದ್ದರೂ, ಅಷ್ಟು ಕಡಿಮೆ ತಿಂದರೂ, ಅದರ ಬೆನ್ನು ಕಂಬದ ಕೊನೆಯ ಗೆರೆಗಿಂತ ನಾಲ್ಕು ಬೆರಳು ಮೇಲಿತ್ತು. ನಮಗೆ ಹೇಳದೆ, ನಮ್ಮನ್ನು ಕೇಳದೆ, ಮೈಯೊಳಗೆ ಬರೆದಿದ್ದನ್ನು ಅದು ಪಾಲಿಸುತ್ತಲೇ ಇತ್ತು. ನನ್ನ ಕೈಯಲ್ಲಿದ್ದ ಬುಟ್ಟಿ ಜಾರಿತು. ಕೊಟ್ಟಿಗೆಗೆ ಎಂದೂ ಕಾಲಿಡದ ಅತ್ತೆ ಸದ್ದಿಗೆ ಬಂದವರು ಬಾಗಿಲಲ್ಲೇ ನಿಂತು 'ಸುಬಹಾನಲ್ಲಾ' ಅಂದರು. ಬಂದೂಕಿನ ಮಾತನ್ನು ಫಕ್ರುದ್ದೀನ ಮತ್ತೆ ಎತ್ತಲಿಲ್ಲ.

ಸಾವಕಾಶವಾಗಿ ಬೆಳೆಯಿತು ಸರದಾರ. ಎಡಗಾಲಿನ ಪಂಜ ಸ್ವಲ್ಪ ಹೊರಗೇ ಉಳಿಯಿತು, ಅದು ನಮ್ಮ ತಪ್ಪಿನ ಗುರುತು. ಒಂದೂವರೆ ವರ್ಷಕ್ಕೆ ಅದರ ತಲೆ ನನ್ನ ಎದೆಯ ತನಕ ಬಂತು. ಅಂಗಳದಲ್ಲಿ ಅದು ನಡೆದು ಬಂದರೆ ಕೋಳಿಗಳು ಓಡುತ್ತಿರಲಿಲ್ಲ, ಸರಿದು ದಾರಿ ಬಿಡುತ್ತಿದ್ದವು. ಎಷ್ಟೋ ಸಲ ಒಲೆ ಬಿಟ್ಟು ಬಾಗಿಲಿಗೆ ಬಂದು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದೆ, ರೊಟ್ಟಿ ಸೀದು ಅತ್ತೆಯಿಂದ ಬೈಸಿಕೊಂಡೂ ಇದ್ದೇನೆ.

ಒಂದು ಸಂಜೆ ಮಾವ ಅದರ ಪಂಜದ ಮುಳ್ಳು ತೆಗೆಯಲು ಅಂಗಳದಲ್ಲಿ ನೆಲಕ್ಕೆ ಕುಳಿತಿದ್ದರು. ಮುಳ್ಳು ಬಂತು. ಎಬ್ಬಿಸಲು ಹತ್ತಿರ ಯಾರೂ ಇರಲಿಲ್ಲ. ಸರದಾರ ಅವರ ಬಳಿ ಸರಿದು ಅಡ್ಡವಾಗಿ ನಿಂತು, ನಾಲ್ಕೂ ಕಾಲು ಗಟ್ಟಿಯಾಗಿ ಊರಿತು. ಹಿಡಿದುಕೋ ಎಂದೇ ಅದು ಹೇಳಿದ್ದು, ಆಗಷ್ಟೇ ಬಾಗಿಲಿಗೆ ಬಂದ ನನಗೂ ತಿಳಿಯಿತು. ಮಾವ ಅದರ ಹೆಗಲ ಮೇಲೆ ಅಂಗೈ ಇಟ್ಟರು. ಭಾರ ಹಾಕಿದ್ದರೆ ಒಂದೇ ಏಟಿಗೆ ಏಳಬಹುದಿತ್ತು. ಅವರು ಕೈ ತೆಗೆದರು.

"ಬ್ಯಾಡ ಸರದಾರ. ಎರಡು ವರ್ಷ ತುಂಬಾಕ ಇನ್ನೂ ಆರು ತಿಂಗಳು ಐತಿ."

ಹೇಳಿ, ಅಂಡಿನ ಮೇಲೆ ಜರುಗುತ್ತಾ ಗೋಡೆಯ ಕಡೆಗೆ ಹೊರಟರು. ನಾನು ಓಡಿ ಹೋಗಿ ತೋಳು ಹಿಡಿದೆ. ಅವರು ತಕ್ಷಣ ಏಳಲಿಲ್ಲ. ಮೊಣಕಾಲು ಸವರಿಕೊಳ್ಳುತ್ತಾ ಹೇಳಿದರು.

"ಇವು ಸಿಂದಗ್ಯಾಗ ಹೋಗಲಿಲ್ಲವಾ. ಸಿಂದಗಿ ಕಣಕ್ಕ ಇಳ್ಯಾಕಿಂತ ಮೊದಲ ಒಳಗ ಕೆಟ್ಟಿದ್ವು. ನನಗಾಗ ಹದಿನಾಲ್ಕು. ಗರಡಿ ಉಸ್ತಾದ ನನ್ನ ಹೆಗಲ ಮ್ಯಾಲೆ ಆಳನ್ನ ಕುಂಡ್ರಿಸಿ, ಕುಂತು ಏಳೂ ಬೈಠಕ ಹೊಡಸ್ತಿದ್ದ. ಅಪ್ಪ ಎದುರಿಗೆ ಹಾಲಿನ ಚರಿಗಿ ಹಿಡಕೊಂಡು ನಿಂತಿರ್ತಿದ್ದ. ನೋವಾಕ್ಕೈತಿ ಅಂದ್ರ ಇನ್ನೊಂದು ಚರಿಗಿ." ಸರದಾರನ ಸೊಟ್ಟ ಪಂಜದ ಕಡೆ ನೋಡಿ ಅಂದರು, "ಭಾಳ ಪ್ರೀತಿ ಮಾಡ್ತಿದ್ರು ನನ್ನ. ಅಪ್ಪನ ಕೈಯಾಗಿನ ಚರಿಗಿ ಕಸಕೊಳ್ಳಾವರು ಯಾರೂ ಇರಲಿಲ್ಲ."

ಎರಡೂ ಕೈ ಕೊಟ್ಟು ಎಬ್ಬಿಸಿದೆ. ಸರದಾರ ನಮ್ಮ ಪಕ್ಕದಲ್ಲೇ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದು ಬಂತು.

ಅಂದು ಊಟದ ಹೊತ್ತಿಗೆ ಮಾವ ಎಂದಿನಂತೆ ಒಲೆಯ ಬಳಿ ಬಂದರು. ಬುಟ್ಟಿಯಿಂದ ರೊಟ್ಟಿ ಎತ್ತಿ ನನ್ನ ತಾಟಿನ ಕಡೆ ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಹಾಕಲೇನವಾ? ಸಾಕೇನು?"

ಮದುವೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ನನ್ನ ಹೊಟ್ಟೆ ತುಂಬಿತ್ತು, ಆದರೂ ತಾಟು ಮುಂದೆ ಸರಿಸಿದೆ.

"ಹಾಕ್ರಿ" ಅಂದೆ. "ಅರ್ಧ."

ಮಾವ ರೊಟ್ಟಿಯನ್ನು ಸರಿಯಾಗಿ ಅರ್ಧಕ್ಕೆ ಮುರಿದರು.