ಅಡುಗೆಮನೆಗೆ ಬಂದ ಕತೆಗಳು

ಹೆಣಕ್ಕೆ ನೀರು ಕಾಯಿಸಲು ತಾಮ್ರದ ಹಂಡೆ ಇಳಿಸಬೇಕೆಂದು ಚಂದ್ರಮೋಹನ ಏಣಿ ಹತ್ತಿ ಅಟ್ಟದೊಳಕ್ಕೆ ಕೈ ಹಾಕಿದ್ದ. ಹಂಡೆಗೆ ಅಡ್ಡವಾಗಿ ಒಂದು ತಗಡಿನ ಟ್ರಂಕು ಇತ್ತು. ಅದನ್ನು ಎಳೆದು ಕೆಳಗಿದ್ದವರ ಕೈಗೆ ದಾಟಿಸುವಾಗ ಜಾರಿ ಬಿತ್ತು. ಮುಚ್ಚಳ ತೆರೆದುಕೊಂಡು ಕಪ್ಪು ವಿಡಿಯೋ ಕ್ಯಾಸೆಟ್ಟುಗಳು, ಬೇವಿನೆಲೆಗಳ ಸಮೇತ, ನಡುಮನೆಯ ತುಂಬ ಚೆಲ್ಲಾಡಿದವು.

"ಇವು ಇನ್ನೂ ಇದಾವಾ ಚಿಕ್ಕಮ್ಮ? ಕೋಲಾರದ ಅಂಗಡಿಗೆ ಕೊಟ್ಟುಬಿಟ್ಟೆ ಅಂತಿದ್ರಲ್ಲ ಚಿಕ್ಕಪ್ಪ" ಎಂದ ಚಂದ್ರಮೋಹನ.

ಶಾಮಲಮ್ಮ ಗಂಡನ ತಲೆಯ ಬಳಿ ಕೂತಿದ್ದಳು. ವಕ್ಕಲೇರಿಯ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿದ್ದ ಕೋದಂಡರಾಮಪ್ಪ ಹಿಂದಿನ ಸಂಜೆ ಹಾಲು ಅಳೆಯುತ್ತಿದ್ದ ಹಾಗೇ ಕುಸಿದಿದ್ದ. ಕೋಲಾರದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

"ಒಳ್ಳೇ ಮನುಷ್ಯ. ಯಾರನ್ನೂ ನೋಯಿಸ್ದೋನಲ್ಲ" ಎಂದಳು ಪಕ್ಕದ ಮನೆಯ ಬೈರಮ್ಮ. "ನಮ್ಮ ಹಾಲಿಗೆ ನೀರು ಬಿದ್ದಿದ್ರೆ ನಾಲ್ಕು ಜನರ ಮುಂದೆ ಅಂತಿರ್ಲಿಲ್ಲ. ಆಮೇಲೆ ಮನೆ ಹತ್ರ ಬಂದು, 'ಬೈರಮ್ಮ, ನಿಮ್ಮೆಮ್ಮೆಗೆ ಬಾಯಾರಿಕೆ ಜಾಸ್ತಿ ಆಗಿದ್ಯಾ' ಅಂತ ಕೇಳೋನು."

ಶಾಮಲಮ್ಮನಿಗೆ ಆ ಮಾತು ಕೇಳಿಸಲಿಲ್ಲ. ತನ್ನ ಮೊಣಕಾಲಿಗೆ ತಾಗಿ ನಿಂತಿದ್ದ ಕ್ಯಾಸೆಟ್ಟನ್ನು ಅವಳು ಕೈಗೆತ್ತಿಕೊಂಡಿದ್ದಳು. ಬಿಳಿ ಚೀಟಿಯ ಮೇಲೆ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಸಿನಿಮಾದ ಹೆಸರು ಬರೆದಿತ್ತು. ಗುಂಡುಗುಂಡಾದ, ಅಂದವಾದ ಅಕ್ಷರ. ತಂಗಿ ಗಂಗಾಲಕ್ಷ್ಮಿಯದು. ಇನ್ನೊಂದು ನೋಡಿದಳು. ಅದೂ ಅವಳದೇ. ಬೇವಿನೆಲೆಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗಲಿಲ್ಲ, ಮಡಚಿಕೊಂಡಿತು. ಹೋದ ತಿಂಗಳದೋ ಏನೋ. ಹುಳು ಬೀಳದಿರಲೆಂದು ಕೋದಂಡರಾಮಪ್ಪ ಇಷ್ಟು ವರ್ಷವೂ ಎಲೆ ಬದಲಾಯಿಸುತ್ತ ಬಂದಿದ್ದ. ಅವಳು ಮಲಗುವ ಜಾಗದ ನೆತ್ತಿಯ ಮೇಲೇ, ಅವಳಿಗೆ ಗೊತ್ತಾಗದ ಹಾಗೆ.

ಅಲ್ಲಿಯವರೆಗೆ ನಿಲ್ಲದೆ ಹರಿಯುತ್ತಿದ್ದ ಕಣ್ಣೀರು ಅಲ್ಲಿಗೆ ನಿಂತಿತು.

*

ತೊಂಬತ್ತೊಂದರಲ್ಲಿ ಶಾಮಲಮ್ಮನ ಹೆಣ್ಣುಕೂಸು ಜ್ವರ ಬಂದು ತೀರಿಕೊಂಡಿತ್ತು. ಅದಾದ ಕೆಲವೇ ದಿನಕ್ಕೆ, ಟಿವಿಯ ಭಾನುವಾರದ ಸಿನಿಮಾದಲ್ಲಿ ತಾಯಿಯೊಬ್ಬಳು ಮಗುವನ್ನು ಕಳೆದುಕೊಳ್ಳುವುದನ್ನು ನೋಡಿ ಅವಳು ಎರಡು ದಿನ ಅನ್ನ ಮುಟ್ಟಲಿಲ್ಲ. ಮತ್ತೆಂದೂ ಟಿವಿಯ ಮುಂದೆ ಕೂರಲಿಲ್ಲ. ಅಕ್ಕನಿಗೆ ಆಸರೆಯಾಗಲೆಂದು ಗಂಗಾಲಕ್ಷ್ಮಿ ಬಂದಳು. ಗಂಡ ಬಿಟ್ಟವಳು, ಇಲ್ಲೇ ಉಳಿದಳು.

ಕೋದಂಡರಾಮಪ್ಪನಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ. ಸಿನಿಮಾ ಒಂದೇ ಹುಚ್ಚು. ಕೋಲಾರದಿಂದ ಹಳೆಯ ವಿಸಿಆರ್ ತಂದು ಭಾನುವಾರದ ಸಿನಿಮಾಗಳನ್ನು ಕ್ಯಾಸೆಟ್ಟಿಗೆ ಇಳಿಸತೊಡಗಿದ. ಮಧ್ಯೆ ಜಾಹೀರಾತು ಬಂದರೆ ನಿಲ್ಲಿಸಬೇಕಿತ್ತು. "ಬಂತು ಬಾವ, ಒತ್ತಿ" ಎಂದು ಗಂಗಾಲಕ್ಷ್ಮಿ ಕೂಗುವಳು. ಒತ್ತುವುದು ತಡವಾದರೆ ಇಬ್ಬರೂ ನಗುವರು. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಶಾಮಲಮ್ಮನಿಗೆ ಕೋಲು ಪಾತ್ರೆಯ ತಳಕ್ಕೆ ಬಡಿಯುವ ಸದ್ದಿಗಿಂತ ಆ ನಗುವೇ ಜೋರಾಗಿ ಕೇಳಿಸುತ್ತಿತ್ತು.

ಸಿನಿಮಾ ಮುಗಿದ ಮೇಲೆ ಅವನು ಒಳಗೆ ಬಂದು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದ. "ಇವತ್ತಿಂದು ಕೇಳು. ಒಬ್ಬ ದೋಣಿಯೋನು. ಹೆಂಡ್ತಿ ಆ ದಡದಾಗೆ, ಇವನು ಈ ದಡದಾಗೆ. ಹೊಳೆ ತುಂಬಿ ಬರ್ತಾ ಐತೆ..." ಎಂದು ಶುರುಮಾಡಿದರೆ ಅವಳು ಉಂಡು ಮುಗಿಸುವವರೆಗೂ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು. ಆದರೆ ಅವರಿಬ್ಬರೂ ಹೊಟ್ಟೆ ತುಂಬ ಉಂಡು ಉಳಿದದ್ದನ್ನು ತನಗೆ ಬಡಿಸುತ್ತಿದ್ದಾನೆ ಎಂದೇ ಅವಳಿಗೆ ಅನಿಸುತ್ತಿತ್ತು.

ಒಂದು ದಿನ ನಗು ಕೇಳಲಾರದೆ ಕೈಗೆ ಸಿಕ್ಕ ಕ್ಯಾಸೆಟ್ಟೊಂದನ್ನು ನೀರೊಲೆಗೆ ಹಾಕಿದಳು. ಕರಿಯ ಹೊಗೆ ಎದ್ದು ಮನೆಯೆಲ್ಲ ಕಮಟು ನಾತ. ಮುಂದಿನ ವಾರ ಗಂಡ, "ಎಲ್ಲಾ ಅಂಗಡಿಗೆ ಕೊಟ್ಬಂದೆ" ಎಂದ. ವಿಸಿಆರ್ ಕೂಡ ಕಾಣಲಿಲ್ಲ. ಗಂಗಾಲಕ್ಷ್ಮಿ ಶ್ರೀನಿವಾಸಪುರದಲ್ಲಿ ಅಂಗನವಾಡಿ ಕೆಲಸ ಹಿಡಿದು ಹೊರಟುಹೋದಳು.

ಗೆದ್ದೆ ಅಂದುಕೊಂಡಳು ಶಾಮಲಮ್ಮ. ಕತೆ ಹೇಳುವವನು ಒಲೆಯ ಪಕ್ಕ ಬಂದು ಕೂರುವುದೂ ಅಂದಿಗೇ ನಿಂತಿತು. ಅದು ಅವಳ ಲೆಕ್ಕದಲ್ಲಿರಲಿಲ್ಲ.

*

ಹೆಣಕ್ಕೆ ನೀರು ಹಾಕಿ, ಹೊಸ ಪಂಚೆ ಉಡಿಸಿ, ಚಟ್ಟದ ಮೇಲೆ ಮಲಗಿಸಿದ್ದಾಯಿತು. ಚಂದ್ರಮೋಹನ ಮೊಬೈಲು ಹಿಡಿದುಕೊಂಡು ಬಂದ.

"ಗಂಗಾಲಕ್ಷ್ಮಮ್ಮ ಫೋನ್ ಮಾಡಿದ್ರು. ಕೋಲಾರ ಬಸ್‌ಸ್ಟ್ಯಾಂಡಿಗೆ ಬಂದವ್ರಂತೆ. ಎತ್ತಬೇಡಿ, ಒಂದ್ಸಲ ಮುಖ ನೋಡ್ತೀನಿ ಅಂತ ಅಳ್ತಾವ್ರೆ."

"ಕಾಯಾಣ ಬಿಡು" ಎಂದ ಗಂಗುಲಪ್ಪ. ಸತ್ತವನ ಚಿಕ್ಕಪ್ಪ, ಆ ದಿನದ ಹಿರಿಯ ಅವನೇ. "ತೋಟದಾಗೆ ಗುಂಡಿ ತೋಡಿ ಆಗೈತೆ. ಅವಸರ ಏನೈತೆ? ಏನಮ್ಮ?"

ಎಲ್ಲರೂ ಶಾಮಲಮ್ಮನ ಕಡೆ ತಿರುಗಿದರು. ಗೋಡೆಯ ಪಕ್ಕ ಯಾರೋ ಗುಡ್ಡೆ ಹಾಕಿದ್ದ ಕ್ಯಾಸೆಟ್ಟುಗಳಿಂದ ಅವಳು ಕಣ್ಣು ಕೀಳಲಿಲ್ಲ.

"ಬಿಸಿಲೇರ್ತಾ ಐತೆ ಮಾವ. ಎತ್ತಿ."

"ನಿನ್ನ ಒಡಹುಟ್ಟಿದೋಳು ಕಣಮ್ಮ ಅವಳು."

"ಎತ್ತಿ ಅಂದೆ."

ಬೈರಮ್ಮ ಅವಳ ಭುಜದ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು. ಗಂಗುಲಪ್ಪ ಹೊರಗಿನವರಿಗೆ ಸನ್ನೆ ಮಾಡಿದ. ತಮಟೆ ಶುರುವಾಯಿತು.

*

ಗಂಗಾಲಕ್ಷ್ಮಿ ಬಂದಾಗ ಬೈರಮ್ಮ ಅಂಗಳ ತೊಳೆಯುತ್ತಿದ್ದಳು. ಒಳಗೆ, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿತ್ತು. ಶಾಮಲಮ್ಮ ಒಬ್ಬಳೇ ಅದರ ಮುಂದೆ ಕೂತಿದ್ದಳು.

"ಡೇರಿ ಹತ್ರ ಬಸ್ ಇಳಿದಾಗ ಹೇಳಿದ್ರು" ಎಂದಳು ಗಂಗಾಲಕ್ಷ್ಮಿ, ಬಾಗಿಲಲ್ಲೇ ನಿಂತು. "ಕಾಯಾಣ ಅಂದ್ರೂ ನೀನೇ ಬೇಡ ಅಂದ್ಯಂತೆ."

"ಹೂಂ."

"ಯಾಕಕ್ಕ?"

ಶಾಮಲಮ್ಮ ಗೋಡೆಯ ಕಡೆ ಕೈ ತೋರಿಸಿದಳು. "ನಿನ್ನ ಅಕ್ಷರಾನ ನನ್ನ ತಲೆ ಮೇಲೆ ಇಟ್ಕೊಂಡು ಪೂಜೆ ಮಾಡವ್ರೆ. ಅದಕ್ಕೆ."

ಗಂಗಾಲಕ್ಷ್ಮಿ ಹತ್ತಿರ ಬಂದು ನೋಡಿದಳು. ಒಂದನ್ನು ಎತ್ತಿ ಚೀಟಿಯನ್ನು ಒರೆಸಿದಳು. ಅವಳ ಮುಖ ಅರಳಬಹುದೆಂದು ಶಾಮಲಮ್ಮ ಕಾದಿದ್ದಳು. ಅದು ಇನ್ನಷ್ಟು ಬಿಗಿಯಾಯಿತು.

"ನಂಗೋಸ್ಕರ ಇಟ್ಟಿದ್ರು ಅಂದ್ಕೊಂಡ್ಯಾ?" ಎಂದಳು. "ಹಂಗಾದ್ರೆ ಕೇಳು. ಇವತ್ತು ಹೇಳೇಬಿಡ್ತೀನಿ. ಅಡುಗೆಮನೇಲಿ ಕೂತ್ಕೊಂಡು ನಿಂಗೆ ಹೇಳ್ತಿದ್ರಲ್ಲ, ಅದೆಲ್ಲ ಸುಳ್ಳು."

"ಏನ್ ಸುಳ್ಳು?"

"ಕತೆ. ಆ ದೋಣಿಯೋನು ದಡ ಸೇರ್ಲಿಲ್ಲ. ಮುಳುಗಿ ಸತ್ತ. ನಾನು ನೋಡಿದೀನಿ."

ಶಾಮಲಮ್ಮ ತಂಗಿಯ ಮುಖವನ್ನೇ ನೋಡಿದಳು.

"ಟೇಪು ಓಡ್ತಾ ಇರೋವಾಗ್ಲೂ ಅದೇ ಯೋಚನೆ ಅವರಿಗೆ. 'ಇದನ್ನ ನಿಮ್ಮಕ್ಕಂಗೆ ಹೆಂಗೆ ಹೇಳ್ಲಿ ಗಂಗಾ, ಮತ್ತೆ ಊಟ ಬಿಡ್ತಾಳೆ' ಅನ್ನೋರು. ಮುಗೀತಿದ್ದಂಗೇ ಎದ್ದು ಒಳಗೆ ಬರೋರು. ನಾನು ಇಲ್ಲಿ ಬಾಗಿಲ ಹಿಂದೆ ನಿಂತ್ಕೊಂಡು ಕೇಳ್ತಿದ್ದೆ. ಸತ್ತೋರನ್ನೆಲ್ಲ ಬದುಕಿಸೋರು. ಕಳೆದುಹೋದ ಮಕ್ಕಳನ್ನ ಹುಡುಕಿಕೊಡೋರು." ಕೈಯಲ್ಲಿದ್ದ ಕ್ಯಾಸೆಟ್ಟನ್ನು ಗುಡ್ಡೆಯ ಮೇಲಿಟ್ಟಳು. "ನನ್ನ ಕಟ್ಕೊಂಡೋನೂ ಸುಳ್ಳುಗಾರನೇ ಅಕ್ಕ. ನಂಗೋಸ್ಕರ ಅಂತ ಒಂದು ಸುಳ್ಳೂ ಹೇಳ್ಲಿಲ್ಲ. ನಿನ್ನ ನೋಡಿ ನಂಗೆ ಹೊಟ್ಟೆ ಉರಿದುಹೋಗೋದು. ಅದಕ್ಕೇ ಜೋರಾಗಿ ನಗ್ತಿದ್ದೆ, ನಿಂಗೆ ಕೇಳಿಸ್ಲಿ ಅಂತ."

ಶಾಮಲಮ್ಮ ಕೂತಲ್ಲಿಂದಲೇ ತೆವಳಿ ಗುಡ್ಡೆಯಿಂದ ಒಂದು ಕ್ಯಾಸೆಟ್ಟು ತೆಗೆದು ಹೆಸರು ಓದಿದಳು. "ಇದು ಆ ಆಸ್ಪತ್ರೆ ಹುಡುಗೀದಲ್ವಾ? ಮದ್ವೆ ಆಯ್ತಲ್ಲ ಅವಳಿಗೆ?"

"ಸತ್ತೋದ್ಲು. ಮದ್ವೆ ಬಾವನೇ ಮಾಡಿಸಿದ್ದು. ಒಬ್ಬಟ್ಟಿನ ಊಟ ಹಾಕ್ಸಿದ್ರು."

"ಇದು?"

"ಅದರಲ್ಲಿ ಮಗ ವಾಪಸ್ ಬರಲ್ಲ."

"ಇದು?"

ಹೇಳುತ್ತ ಹೇಳುತ್ತ ಗಂಗಾಲಕ್ಷ್ಮಿಯ ದನಿಯ ಮೊನೆ ಮುರಿಯಿತು. ಅವಳೂ ನೆಲಕ್ಕೆ ಕೂತಳು.

ಮಣ್ಣು ಮಾಡಿ, ತೋಟದ ಬೋರಿನ ನೀರಿನಲ್ಲಿ ಮೈ ತೋಯಿಸಿಕೊಂಡು ಗಂಡಸರು ಪದ್ಧತಿಯಂತೆ ದೀಪ ನೋಡಲು ಮನೆಗೆ ಬಂದರು. ಹೊಸ್ತಿಲ ಮುಂದೆ ಗಂಗುಲಪ್ಪ ತಟಕ್ಕನೆ ನಿಂತು, ಹಿಂದೆ ಬರುತ್ತಿದ್ದವರನ್ನು ಕೈಯೆತ್ತಿ ತಡೆದ. ದೀಪದ ಸುತ್ತ ಕ್ಯಾಸೆಟ್ಟುಗಳು ಹರಡಿಕೊಂಡಿದ್ದವು. ಒಬ್ಬ ಹೆಂಗಸು ಇನ್ನೊಬ್ಬಳಿಗೆ ಒಂದೊಂದನ್ನೇ ಎತ್ತಿ ಕೊಡುತ್ತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ. ಹೊರಗೆ ಗಂಡಸರ ಪಂಚೆಗಳಿಂದ ಇಳಿದ ನೀರು ಕಲ್ಲಿನ ಮೆಟ್ಟಿಲ ಮೇಲೆ ಸೇರಿ, ಹೊಸ್ತಿಲ ಅಡಿಯಿಂದ ಮೆಲ್ಲಗೆ ಒಳಕ್ಕೆ ಹರಿಯತೊಡಗಿತು.