ಅಕ್ಕ ನೋಡದ ತೋಳು

ಹಜ್ ಮಾಡಿ ಬಂದ ಹಿರಿಯಳು ಹಾಜ್ಜಾ ಸನಿಯ್ಯಾಳ ಕೈಯಲ್ಲಿದ್ದ ನೀರಿನ ಚೆಂಬನ್ನು ಇನ್ಸಾಫ್ ಕಿತ್ತುಕೊಂಡಳು. ನೀರು ಇಬ್ಬರ ಕರಿ ನಿಲುವಂಗಿಯ ಮೇಲೂ ಚೆಲ್ಲಿತು.

"ಬಿಡಿ ಹಾಜ್ಜಾ. ನೀವು ಸ್ನಾನ ಮಾಡಿಸೋದು ಬೇಡ."

"ಅಯ್ಯೋ, ಯಾಕಮ್ಮಾ? ಈ ಓಣೀಲಿ ತೀರಿಹೋದ ಹೆಂಗಸರಿಗೆಲ್ಲ ನಾನೇ ಅಲ್ವಾ ನೀರು ಹಾಕಿರೋದು? ನಿಮ್ಮಮ್ಮಂಗೂ ನಾನೇ ಹಾಕಿದ್ದು."

"ಇವಳಿಗೆ ಬೇಡ. ಮುಹರ್ರಮ್ ಬೇಕ್ ಬಡಾವಣೆಯವಳೊಬ್ಬಳಿಗೆ ಹೇಳಿ ಕಳಿಸಿದೀನಿ. ಟ್ಯಾಕ್ಸೀಲಿ ಬರ್ತಿದಾಳೆ."

ಒಳಕೋಣೆಯ ಹಲಗೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವಳು ಇನ್ಸಾಫಳ ತಂಗಿ ದೌಲತ್. ಬೆಳಗಿನ ಜಾವ ನಿದ್ದೆಯಲ್ಲೇ ಎದೆಬಡಿತ ನಿಂತಿತ್ತು. ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಮಣ್ಣು ಮಾಡಬೇಕು. ಕೆಳಗೆ, ಅಲೆಕ್ಸಾಂಡ್ರಿಯಾದ ಅನ್‌ಫೂಶಿಯ ನಮ್ಮ ಓಣಿಯಲ್ಲಿ, ಗಂಡಸರು ಶವ ಹೊರುವ ಜನಾಜಾದ ಮಂಚ ತಂದಿಟ್ಟುಕೊಂಡು ಕಾಯುತ್ತಿದ್ದರು. ಇಲ್ಲಿ ನೋಡಿದರೆ ಕಾಯಿಸಿದ ನೀರು ಆರುತ್ತ ಬಂದಿದೆ, ಇನ್ಸಾಫ್ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಇಂಥ ಹೊತ್ತಿನಲ್ಲೂ ಹಟ ಬಿಡದವಳೆಂದರೆ ಅವಳೇ.

ದೌಲತಳ ಮಗಳು ಶುರೂಕ್ ಕಫನಿನ ಬಟ್ಟೆ ಹಿಡಿದು ಬಂದಳು. ಅತ್ತೂ ಅತ್ತೂ ಕಣ್ಣು ಊದಿತ್ತು.

"ದೊಡ್ಡಮ್ಮಾ, ಏನಿದು? ಹಾಜ್ಜಾನೇ ಮಾಡಿಸ್ಬೇಕು, ಓಣಿಯವರು ಜೊತೆಗಿರ್ಬೇಕು ಅಂತ ಅಮ್ಮ ಎಷ್ಟು ಸಲ ಹೇಳಿದ್ಳು!"

ಇನ್ಸಾಫ್ ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ತೋಳು ಕಣೇ! ಅವಳ ತೋಳು ನೋಡ್ತಾರೆ ಎಲ್ರೂ. ತನ್ನ ಕೈ ತಾನೇ ಕೊಯ್ಕೊಳ್ತಿದ್ದ ಹುಚ್ಚಿ ಅಂತ ನಾಳೆಯಿಂದ ಊರೆಲ್ಲ ಅದೇ ಮಾತು. ಬದುಕಿರೋವರೆಗೆ ಮುಚ್ಚಿಟ್ಟಿದ್ದನ್ನ ಸತ್ತ ಮೇಲೆ ಬಿಚ್ಚಿಡ್ಲಾ?"

"ಮುಚ್ಚಿಡೋ ಅಂಥದ್ದು ಏನಿದೆ ಅದ್ರಲ್ಲಿ?"

"ನಿಂಗೇನೇ ಗೊತ್ತು? ಆ ರಕ್ತ ಒರೆಸಿದವಳು ನಾನು!"

ಅದು ಸುಳ್ಳಲ್ಲ.

* * *

ದೌಲತಳ ಜೊತೆ ಬಾಳುವುದು ಹುಡುಗಾಟವಾಗಿರಲಿಲ್ಲ. ಬೆಳಿಗ್ಗೆ ನೀವು ಅವಳ ಪ್ರಾಣ, ಸಂಜೆಗೆ ಪರಮ ಶತ್ರು. ಗಂಡ ರುಶ್ದಿಯ ದೋಣಿ ಬರುವುದು ಒಂದಿಷ್ಟು ತಡವಾದರೂ ತನ್ನನ್ನು ಬಿಟ್ಟೇ ಹೋದ ಎಂದು ಎದೆ ಬಡಿದುಕೊಳ್ಳುವಳು. ಅವನು ಬಂದರೆ ತಟ್ಟೆ ಲೋಟಗಳೆಲ್ಲ ಮೆಟ್ಟಿಲ ಮೇಲಿಂದ ಹಾರುವವು. ಆಮೇಲೆ ಅವನ ಕಾಲು ಹಿಡಿದು ಅಳುವಳು. ಕೊನೆಗೊಂದು ದಿನ ಅವನು ನಿಜವಾಗಿಯೂ ಬಿಟ್ಟುಹೋದ. ಒಳಗೆಲ್ಲ ಖಾಲಿ, ಬರೀ ಖಾಲಿ ಎನ್ನುತ್ತ ದೌಲತ್ ತನ್ನ ತೋಳಿನ ಮೇಲೇ ಸಿಟ್ಟು ತೀರಿಸಿಕೊಳ್ಳತೊಡಗಿದಳು.

ಪ್ರತಿ ಸಲವೂ ಇನ್ಸಾಫ್ ಓಡಿ ಬಂದು ಪಟ್ಟಿ ಕಟ್ಟುವಳು, ನೆಲ ಒರೆಸುವಳು, ಕೇಳಿದವರಿಗೆ ಬಿಸಿ ಎಣ್ಣೆ ಸಿಡಿಯಿತು ಎನ್ನುವಳು. ಮೈಹೊಕ್ಕ ಜಿನ್ ಬಿಡಿಸಲು ಮಂತ್ರ ಹಾಕುವ ಶೇಖ್ ಒಬ್ಬರ ಬಳಿ ಕರೆದೊಯ್ದವಳೂ ಅವಳೇ. ಒಬ್ಬ ಡಾಕ್ಟರು ನರದ ದೌರ್ಬಲ್ಯ ಎಂದು ನಿದ್ದೆಮಾತ್ರೆ ಬರೆದುಕೊಟ್ಟ. ಇನ್ನೊಬ್ಬ, ಇಂಥ ಹೆಂಗಸರು ಸುಧಾರಿಸುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ. ಓದಿದವರಿಗೂ ಬಾಯಿ ಮೇಲೆ ಹಿಡಿತ ಬೇಡವೇ?

ಆದರೆ ಆಸ್ಪತ್ರೆಯಲ್ಲಿ ಒಮ್ಮೆ ಹೊಲಿಗೆ ಹಾಕುತ್ತಿದ್ದ ಎಳೆಯ ಡಾಕ್ಟರಮ್ಮ ಬೈಯಲಿಲ್ಲ. ಯಾರಾದರೂ ಬಿಟ್ಟುಹೋಗುತ್ತಾರೆ ಎಂಬ ಭಯ ಎಂದಿನಿಂದ, ಸಿಟ್ಟು ಇಳಿದ ಮೇಲೆ ಏನನಿಸುತ್ತದೆ, ತಾನು ಯಾರು ಎಂಬುದೇ ತಿಳಿಯದ ಹಾಗಾಗುತ್ತದೆಯೇ ಎಂದು ಮೆಲ್ಲಗೆ ಕೇಳುತ್ತ ಹೋದಳು.

"ಇದಕ್ಕೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂತಾರೆ ದೌಲತ್. ಬೇರೆಯವರಿಗೆ ತರಚಿದಷ್ಟು ನೋವಾಗೋ ಮಾತು ನಿಮಗೆ ಸುಟ್ಟಷ್ಟು ನೋವಾಗುತ್ತೆ. ಜಿನ್ನೂ ಅಲ್ಲ, ಕೊಬ್ಬೂ ಅಲ್ಲ. ಇದಕ್ಕೆ ಮಾತಿನ ಚಿಕಿತ್ಸೆ ಇದೆ. ಅಕ್ಷರ ಕಲಿತ ಹಾಗೆ ಕೂತು ಕಲೀಬೇಕು."

"ಇದಕ್ಕೊಂದು ಹೆಸರಿದ್ಯಾ?" ದೌಲತ್ ಎದ್ದೇ ಕೂತಳು. "ಹಾಗಾದ್ರೆ ನಾನೊಬ್ಳೇ ಅಲ್ಲ?"

ಮನೆಗೆ ಬಂದು ಇನ್ಸಾಫಳಿಗೆ ಹೇಳಿದಾಗ ಅವಳು ತಂಗಿಯ ಬಾಯಿಗೆ ಕೈ ಅಡ್ಡ ಹಿಡಿದಳು. "ಮೆಲ್ಲಗೆ! ಹುಚ್ಚಿ ಅಂತ ಗೊತ್ತಾದ್ರೆ ನಾಳೆ ಈ ಮಗೂನ ಯಾರು ಮದುವೆ ಆಗ್ತಾರೆ?"

ಆ ಚಿಕಿತ್ಸೆ ಕೊಡುವವರು ಆಗ ಅಲೆಕ್ಸಾಂಡ್ರಿಯಾದಲ್ಲಿ ಸಿಗಲಿಲ್ಲ. ಹುಡುಕಿ ಹುಡುಕಿ ಕೈರೋದಲ್ಲಿ ಒಬ್ಬರು ಸಿಕ್ಕರು. ವಾರವಾರವೂ ರೈಲು. ಹೊಲಿಗೆ ಕೆಲಸ ಬಿಟ್ಟು ವಾರಕ್ಕೊಮ್ಮೆ ಕೈರೋಗೆ ಹೋಗುವ ಒಂಟಿ ಹೆಂಗಸೆಂದರೆ ನಮ್ಮ ಓಣಿ ಸುಮ್ಮನಿದ್ದೀತೇ? ಅಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾಳೆ ಎಂದಿತು. ದೌಲತ್ ಮೀನಂಗಡಿಯ ಮುಂದೆಯೇ ನಿಂತು ಉತ್ತರ ಕೊಟ್ಟಳು.

"ಹೌದು ಕಣ್ರೇ, ಇದಾನೆ ಒಬ್ಬ. ಬೋಳುತಲೆ, ದಪ್ಪ ಕನ್ನಡಕ. ಬಾಯಿ ಹಾಕದೆ ನನ್ನ ಮಾತು ಕೇಳ್ತಾನೆ. ನಿಮ್ಮ ಗಂಡಂದಿರು ಕೇಳ್ತಾರಾ?"

ಕಲಿಕೆ ಸುಲಭವಿರಲಿಲ್ಲ. ಎಷ್ಟೋ ಸಲ ಸಾಕಾಯಿತು ಎಂದು ಬಿಟ್ಟಳು, ಮತ್ತೆ ಹೋದಳು. ಸಿಟ್ಟು ನೆತ್ತಿಗೇರಿದಾಗ ಮೀನಂಗಡಿಯ ಆಶೂರನ ಪೆಟ್ಟಿಗೆಯಿಂದ ಒಂದು ಹಿಡಿ ಐಸ್ ತೆಗೆದುಕೊಂಡು, ಕರಗುವವರೆಗೂ ಮುಷ್ಟಿಯಲ್ಲಿ ಬಿಗಿಹಿಡಿದು ನಿಲ್ಲುವಳು. ಅದು ಅಲ್ಲಿ ಕಲಿಸಿದ್ದು. "ದೌಲತ್ ಕೈಯಲ್ಲಿ ಐಸ್ ಇದೆ, ಸ್ವಲ್ಪ ಹೊತ್ತು ಸುಮ್ನಿರಿ" ಎಂದು ಆಶೂರನೇ ಗಿರಾಕಿಗಳಿಗೆ ಹೇಳುವನು. ಕೂಗಾಟ ಪೂರ್ತಿ ನಿಂತಿತೆಂದಲ್ಲ. ಆದರೆ ಕೂಗಿದ ಸಂಜೆಯೇ ನಿಮ್ಮ ಬಾಗಿಲು ತಟ್ಟಿ, "ಇವತ್ತು ತಪ್ಪು ನಂದು" ಎನ್ನುವಳು. ಅಷ್ಟನ್ನು ಹೇಳಲು ನಮ್ಮಲ್ಲಿ ಎಷ್ಟು ಜನಕ್ಕೆ ನಾಲಗೆ ಏಳುತ್ತದೆ?

* * *

ಹಾಜ್ಜಾ ಸನಿಯ್ಯಾ ಕರೆಯದೆಯೇ ಅಡುಗೆಮನೆಗೆ ಬಂದಳು.

"ಇನ್ಸಾಫ್, ತೋಳಿನ ವಿಷಯ ತಾನೇ? ನಾನು ಆ ತೋಳು ನೋಡದ ಬೇಸಿಗೆ ಯಾವುದಿದೆ ಹೇಳು. ಹೊಲಿಗೆ ಮೆಷಿನ್ ಮುಂದೆ ಅಂಗಿ ತೋಳು ಮೊಣಕೈವರೆಗೂ ಮಡಚ್ಕೊಂಡೇ ಕೂತಿರ್ತಿದ್ಳು."

"ಸುಳ್ಳು! ವಾರವಾರ ಬರ್ತಿದ್ದೆ ನಾನು. ಎಂಥ ಸೆಖೆ ಇದ್ರೂ ಮಣಿಕಟ್ಟಿನ ತನಕ ಮುಚ್ಕೊಂಡಿರ್ತಿದ್ಳು."

"ನಿನ್ನ ಹೆಜ್ಜೆ ಸದ್ದು ಕೇಳಿದ್ರೆ ಇಳಿಸ್ಕೊಳ್ತಿದ್ಳು. ನಿನ್ನೆದುರು ಮಾತ್ರ."

ಇನ್ಸಾಫ್ ಶುರೂಕಳ ಮುಖ ನೋಡಿದಳು. ಶುರೂಕ್ ಹೌದೆಂದು ತಲೆಯಾಡಿಸಿದಳು.

"ಯಾಕೆ? ನಾನೇನು ಹೊರಗಿನವಳಾ?"

"'ಅಕ್ಕ ಇದನ್ನ ನೋಡಿದ್ರೆ ಮತ್ತೆ ಆ ನೆಲ ಒರೆಸಿದ ದಿನಗಳೇ ಕಣ್ಣಿಗೆ ಬರ್ತವೆ. ನನ್ನಿಂದ ಅವಳು ಪಟ್ಟಿದ್ದು ಸಾಕು' ಅಂತಿದ್ಳು ಅಮ್ಮ."

ಹಾಜ್ಜಾ ಮೂಗು ಒರೆಸಿಕೊಂಡಳು. "ನನ್ನ ಸೊಸೆ ಒಂದ್ಸಲ ಕೇಳೇಬಿಟ್ಳು, ಏನಕ್ಕಾ ಈ ಗೆರೆ ಅಂತ. 'ಕಾಯಿಲೆ ಇತ್ತು, ಕಲ್ತು ವಾಸಿ ಮಾಡ್ಕೊಂಡೆ. ಯಾಕೆ ಕೇಳ್ತೀಯ, ನಿಂಗೂ ಒಳಗೆ ಹಾಗಾಗುತ್ತಾ?' ಅಂದ್ಳು. ಅವತ್ತು ನನ್ನ ಸೊಸೆ ಅವಳ ತೊಡೆ ಮೇಲೆ ಬಿದ್ದು ಅತ್ತಿದ್ದು! ಮಾರನೇ ವಾರ ಇಬ್ರೂ ರೈಲು ಹತ್ತಿದ್ರು. ಈಗ ಹೊರಗೆ ಕೂತಿದಾಳೆ, ದೌಲತಕ್ಕಂಗೆ ನಾನೂ ನೀರು ಹಾಕ್ಬೇಕು ಅಂತ."

ಇನ್ಸಾಫಳ ಫೋನು ರಿಂಗಾಯಿತು. ಟ್ಯಾಕ್ಸಿಯಲ್ಲಿದ್ದವಳು ಯಾವ ಓಣಿ ಎಂದು ಕೇಳುತ್ತಿದ್ದಳು. ಇನ್ಸಾಫ್ ಒಳಕೋಣೆಯ ಬಾಗಿಲ ಕಡೆ ನೋಡಿದಳು.

"ಬೇಡಮ್ಮಾ, ವಾಪಸ್ ಹೋಗಿ. ಇಲ್ಲಿ ಅವಳ ಜನ ಇದಾರೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು: ಹಾಜ್ಜಾ, ಸೊಸೆ, ಶುರೂಕ್, ಇನ್ಸಾಫ್. ಸ್ನಾನ ಬಲಗಡೆಯಿಂದ ಶುರುವಾಗಬೇಕು. ಹಾಜ್ಜಾ ಚೆಂಬು ತುಂಬಿಸಿ ಇನ್ಸಾಫಳಿಗೆ ಕೊಟ್ಟಳು.

ಇನ್ಸಾಫ್ ತಂಗಿಯ ಬಲತೋಳನ್ನು ಹೊದಿಕೆಯಿಂದ ಹೊರತೆಗೆದು ಕಣ್ಣು ಮುಚ್ಚಿಕೊಂಡಳು. ಆಮೇಲೆ ತೆರೆದಳು. ಗೆರೆಗಳಿದ್ದವು. ತೆಳ್ಳಗೆ, ಬೆಳ್ಳಗೆ, ಚರ್ಮದಲ್ಲಿ ಚರ್ಮವಾಗಿ ಹೋಗಿದ್ದವು. ಅವಳು ನೀರು ಬಿಡುತ್ತ ಬೆರಳಿನಿಂದ ಒಂದೊಂದನ್ನೇ ಮುಟ್ಟಿದಳು. ಯಾವುದು ಯಾವ ಸಲದ್ದೆಂದು ಅವಳಿಗೆ ಗೊತ್ತಿತ್ತು. ಎಲ್ಲಕ್ಕೂ ಪಟ್ಟಿ ಕಟ್ಟಿದವಳು ಅವಳೇ. ಮೊಣಕೈ ಮಡಚಿ ಒಳಗಡೆ ನೋಡಿದಳು. ಆಚೆ ಸುತ್ತಿ ಬಂದು ಎಡತೋಳನ್ನೂ ನೋಡಿದಳು. ತಾನು ಅರಿಯದ ಗೆರೆ ಒಂದೂ ಇರಲಿಲ್ಲ.

"ಹೊಸದಿಲ್ಲ," ಎಂದಳು. ಮತ್ತೆ ಜೋರಾಗಿ, "ಒಂದೂ ಹೊಸದಿಲ್ಲ ಕಣೇ ಶುರೂಕ್!"

"ನಾನು ಸ್ಕೂಲಿಗೆ ಹೋಗ್ತಿದ್ದಾಗಿಂದ ಇಲ್ಲ ದೊಡ್ಡಮ್ಮಾ."

"ನೋಡ್ರೇ ನನ್ನ ತಂಗೀನ! ಇಷ್ಟು ವರ್ಷ! ಗಂಡ ಬಿಟ್ಟವಳು, ಹೊಲಿಗೆ ಹೊಲ್ಕೊಂಡು ತಿಂದವಳು, ಈ ನನ್ನ ಬಾಯಿನೂ ಸಹಿಸ್ಕೊಂಡವಳು! ಒಂದಾದ್ರೂ ಹೊಸದಿದ್ಯಾ ನೋಡ್ರೇ!"

ಅವಳು ಒದ್ದೆ ಕೈಯನ್ನು ತುಟಿಗೆ ಅಡ್ಡ ಹಿಡಿದು, ನಾಲಗೆ ಹೊರಳಿಸಿ, ಮದುಮಗಳು ಮನೆ ಬಿಟ್ಟು ಹೊರಡುವಾಗ ನಮ್ಮ ಹೆಂಗಸರು ಹಾಕುವ ಆ ಉದ್ದನೆಯ ಸಂಭ್ರಮದ ಕೂಗು ಹಾಕಿದಳು.

"ಸಾವಿನ ಮನೆ ಕಣೇ!" ಹಾಜ್ಜಾ ಗಾಬರಿಯಾದಳು. "ಜನ ಏನಂತಾರೆ?"

ಇನ್ಸಾಫ್ ಇನ್ನೂ ಗಟ್ಟಿಯಾಗಿ ಕೂಗು ಹಾಕಿದಳು. ಕೆಳಗೆ ಜನಾಜಾದ ಮಂಚದ ಸುತ್ತ ನಿಂತಿದ್ದ ಗಂಡಸರೆಲ್ಲ ಮುಖ ಮೇಲೆತ್ತಿದರು. ಆಮೇಲೆ ಎದುರು ಮನೆಯ ಬಾಲ್ಕನಿಯಿಂದ ಒಬ್ಬಳು ಅದೇ ಕೂಗು ತಿರುಗಿ ಹಾಕಿದಳು, ಅವಳ ಪಕ್ಕದ ಮನೆಯವಳು ಹಾಕಿದಳು, ಕೂಗು ಬಾಲ್ಕನಿಯಿಂದ ಬಾಲ್ಕನಿಗೆ ಹಾದು ಮೀನುಪೇಟೆಯ ಕಡೆಗೆ ಹೋಯಿತು.