ಹದಿನಾಲ್ಕು ಮೀಟರ್ ಫೋಟೋ

ಕಾರಿಡಾರಿನ ಗೋಡೆಯ ಮೇಲೆ ಥರ್ಮೋಸ್ಟ್ಯಾಟ್ ಟಿಕ್ ಎಂದಿತು. ಹಲ್ಲಿ ಲೊಚಗುಟ್ಟುವುದಕ್ಕಿಂತಲೂ ಸಣ್ಣ ಸದ್ದು. ರಾತ್ರಿ ಹನ್ನೊಂದಾಗಿತ್ತು. ಮಗಳ ಉಸಿರನ್ನೇ ಆಲಿಸುತ್ತ ಮಲಗಿದ್ದ ಅಪರ್ಣಳ ಕಿವಿಗೆ ಅದು ಬೀಳದೆ ಹೋಗುವಂತಿರಲಿಲ್ಲ. ಅದರ ಬೆನ್ನಿಗೇ ನೆಲದ ಜಾಲರಿಗಳಿಂದ ಮೇಲೇಳುತ್ತಿದ್ದ ಬಿಸಿಗಾಳಿ ನಿಂತುಹೋಯಿತು. ಡ್ಯಾಂಡಿನಾಂಗ್‌ನ ಆ ಹಳೆಯ ಇಟ್ಟಿಗೆ ಮನೆಯಲ್ಲಿ ಹೀಟಿಂಗ್ ಆರಿಸಲು ಯಾರೂ ಎದ್ದಿರಲಿಲ್ಲ. ಆರಿಸಿದವನು ಒಂಬೈನೂರು ಕಿಲೋಮೀಟರ್ ಆಚೆ, ಸಿಡ್ನಿಯಲ್ಲಿ, ದಿಂಬಿಗೊರಗಿ ಫೋನಿನ ಆ್ಯಪಿನ ಮೇಲೆ ಹೆಬ್ಬೆರಳು ಆಡಿಸಿದ್ದ. ಅವಳ ಗಂಡ ಅಭಿನಂದನ್.

ಮರುನಿಮಿಷವೇ ಮೆಸೇಜು ಬಂತು. ‘ಹಾಲ್‌ಗೆ ಹೋಗಿ ಮಲಗಿ. ಗ್ಯಾಸ್ ಫೈರ್ ಇದೆಯಲ್ಲ.’

ಅಪರ್ಣ ಎದ್ದಳು. ಏಳು ವರ್ಷದ ಸಾನ್ವಿಯನ್ನು ರಗ್ಗಿನ ಸಮೇತ ಎತ್ತಿಕೊಂಡು ಹಾಲ್‌ಗೆ ಹೋದಳು.

ಮನೆಯಲ್ಲಿದ್ದುದು ಎರಡು ಬಗೆಯ ಶಾಖ. ಒಂದು ಸೆಂಟ್ರಲ್ ಹೀಟಿಂಗ್. ಎಲ್ಲ ಕೋಣೆಗೂ ಬಿಸಿಗಾಳಿ ಊದುವಂಥದ್ದು. ಇನ್ನೊಂದು ಹಾಲಿನ ಗೋಡೆಯೊಳಗೆ ಕೂತ ಗ್ಯಾಸ್ ಫೈರ್. ಸಿಮೆಂಟಿನ ಸುಳ್ಳು ಸೌದೆಯ ನಡುವೆ ನಿಜವಾದ ಬೆಂಕಿ. ಎರಡೂ ಒಂದೇ ಗ್ಯಾಸ್ ಮೀಟರಿನಿಂದ ಕುಡಿಯುತ್ತಿದ್ದವು. ಒಂದು ಕೋಣೆ ಬೆಚ್ಚಗಿಡುವುದಕ್ಕಿಂತ ಇಡೀ ಮನೆ ಬೆಚ್ಚಗಿಡುವುದು ದುಬಾರಿ ಎಂದು ಅಭಿನಂದನ್ ಹೇಳುತ್ತಿದ್ದುದು ಸುಳ್ಳೂ ಅಲ್ಲ. ಅಪರ್ಣ ಎಂಎಸ್ಸಿ ಓದಿದವಳು. ಅಷ್ಟು ಅವಳಿಗೂ ತಿಳಿಯುತ್ತಿತ್ತು.

ಆದರೆ ಆ ಒಂದು ಕೋಣೆ! ಸುಟ್ಟ ಧೂಳಿನ ವಾಸನೆ. ಬೆಂಕಿಯ ಮುಂದೆ ಒಣಗಲು ಹಾಕಿದ ಕಾಲುಚೀಲಗಳ ಕಮಟು. ಪಕ್ಕದಲ್ಲೇ, ಹುದುಗು ಬರಲೆಂದು ಇಟ್ಟ ದೋಸೆಹಿಟ್ಟು ಒಂದು ಬದಿ ಬೆಂದು ಇನ್ನೊಂದು ಬದಿ ತಣ್ಣಗೆ ಉಬ್ಬದೆ ಕೂತಿರುತ್ತಿತ್ತು. ಬಾತ್‌ರೂಮಿಗೆ ಹೋಗಬೇಕೆಂದರೆ ಹನ್ನೊಂದು ಡಿಗ್ರಿಯ ಕಾರಿಡಾರ್ ದಾಟಬೇಕು. ಸೂರ್ಯ ಉತ್ತರಕ್ಕೇ ವಾಲುವ ಆ ದೇಶದಲ್ಲಿ, ದಕ್ಷಿಣಕ್ಕಿದ್ದ ಸಾನ್ವಿಯ ಕೋಣೆಯಂತೂ ಬಿಸಿಲನ್ನೇ ಕಂಡಿರಲಿಲ್ಲ. ಕಿಟಕಿಯ ಅಂಚಿನಲ್ಲಿ ಕಪ್ಪು ಬೂಷ್ಟು ಕಟ್ಟಿತ್ತು. ಅಪರ್ಣ ವಾರಕ್ಕೊಮ್ಮೆ ವಿನಿಗರ್ ಹಚ್ಚಿ ಉಜ್ಜುತ್ತಿದ್ದಳು, ಮತ್ತೊಂದು ವಾರಕ್ಕೆ ಅದು ಮೀಸೆಯಂತೆ ಚಿಗುರುತ್ತಿತ್ತು. ಮಗುವಿನ ಕೆಮ್ಮು ಆರು ವಾರವಾದರೂ ಹೋಗದಿದ್ದಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಮಲಗುವ ಕೋಣೆ ಒಣಗಿರಬೇಕು, ರಾತ್ರಿಯಿಡೀ ಬೆಚ್ಚಗಿರಬೇಕು.

ಅದನ್ನು ಹೇಳಿದಾಗ ಅಭಿನಂದನ್, “ಡಾಕ್ಟರ್ ಏನು ನಮ್ಮ ಮಾರ್ಟ್‌ಗೇಜ್ ಕಟ್ತಾರಾ?” ಎಂದಿದ್ದ. “ನಾವೆಲ್ಲ ಚಿಕ್ಕೋರಿದ್ದಾಗ ಕೆಮ್ಮಲಿಲ್ವಾ? ಸ್ವೆಟರ್ ಹಾಕು.”

ಅಲ್ಲಿ ಚಳಿಗಾಲವಾದ ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಅಗ್ಗದ ಟಿಕೆಟ್ ಸಿಕ್ಕಿತೆಂದು ತಾಯಿ, ಮಗಳು ಸಿಡ್ನಿಗೆ ಹೋದರು. ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ನಡೆದೇ ಹೋಗುವಷ್ಟು ಹತ್ತಿರದ ಫ್ಲಾಟಿನಲ್ಲಿ ಅಭಿನಂದನ್ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಇನ್ನೊಂದು ಕೋಣೆಯಲ್ಲಿ ಸುಘೋಷ್ ಎಂಬ ಹುಡುಗ. ಬಾಗಿಲು ತೆರೆದದ್ದೇ ತಡ, ಒಳಗಿನ ಸೆಕೆ ಅಪರ್ಣಳ ಮುಖಕ್ಕೆ ಬಡಿಯಿತು. ಅಭಿನಂದನ್ ಚಡ್ಡಿ ಬನಿಯನ್ನಿನಲ್ಲಿದ್ದ. ಬಿಸಿಗಾಳಿಯನ್ನೂ ಊದುವ ಗೋಡೆಯ ಏಸಿ ಇಪ್ಪತ್ತಾರು ಡಿಗ್ರಿಗೆ ಉರಿಯುತ್ತಿತ್ತು. ಬಾಲ್ಕನಿ ಬಾಗಿಲು ಹಾರುಹೊಡೆದಿತ್ತು.

“ಇದೇನ್ರೀ?” ಎಂದಳು.

“ಏನು? ಓ, ಇದಾ. ಇಲ್ಲಿ ರೆಂಟಲ್ಲೇ ಕರೆಂಟ್ ಎಲ್ಲಾ ಸೇರಿದೆ ಕಣೆ. ಆರಿಸಿದ್ರೂ ಅಷ್ಟೇ, ಉರಿಸಿದ್ರೂ ಅಷ್ಟೇ.”

ಸುಘೋಷ್ ನಗುತ್ತ, “ಆಂಟಿ, ಇವರು ಆಫೀಸಿಗೆ ಹೋಗುವಾಗಲೂ ಆರ್ಸಲ್ಲ. ಬಂದಾಗ ಬೆಚ್ಚಗಿರ್ಬೇಕಂತೆ. ನಾನು ಚಳೀಲೇ ಬೆವರ್ತಿದೀನಿ,” ಎಂದ.

ಅಭಿನಂದನ್ ಕೂಡ ನಕ್ಕ. ಅವನ ಕತ್ತಿನ ಮಡಿಕೆಯಲ್ಲಿ ಬೆವರು ಮಿನುಗುತ್ತಿತ್ತು. ಅಪರ್ಣ ಅದರಿಂದ ಕಣ್ಣು ತೆಗೆದಳು. ಸಿಟ್ಟಾಗಿದ್ದರೆ ಎರಡು ಮಾತು ಆಡಿ ಹಗುರಾಗುತ್ತಿದ್ದಳು. ಇದು ಸಿಟ್ಟಲ್ಲ, ತಟ್ಟೆಯಲ್ಲಿ ಕೂದಲು ಸಿಕ್ಕಾಗ ಆಗುವಂಥ ಅಸಹ್ಯ. ಆ ಮೂರು ರಾತ್ರಿ ಸಾನ್ವಿ ಒಮ್ಮೆಯೂ ಕೆಮ್ಮಲಿಲ್ಲ. ಅದೂ ಸೇರಿ ಅಸಹ್ಯ ಇಮ್ಮಡಿಯಾಯಿತು.

ಹೊರಡುವ ದಿನ ಅವಳು ಪದಗಳನ್ನು ಆರಿಸಿ ಆರಿಸಿ ಹೇಳಿದಳು. “ರಾತ್ರಿ ಹೊತ್ತು ಹೀಟಿಂಗ್ ಆರಿಸ್ಬೇಡಿ. ನಾನು ಬೇರೆ ಏನೂ ಕೇಳಲ್ಲ.”

“ಫೀಲಿಂಗ್ ಬೇಡ, ಡೇಟಾ ಕೊಡು,” ಎಂದ ಅಭಿನಂದನ್. “ಸ್ಕೂಲ್ ಹಾಲಿಡೇಸ್ ಎರಡು ವಾರ ಇದೆ. ಒಂದು ವಾರ ಬರೀ ಗ್ಯಾಸ್ ಫೈರ್. ಒಂದು ವಾರ ಬರೀ ಸೆಂಟ್ರಲ್. ದಿನಾ ಬೆಳಿಗ್ಗೆ ಏಳಕ್ಕೆ ಮೀಟರ್ ಫೋಟೋ ಕಳ್ಸು. ಯಾವುದು ಕಡಿಮೆ ಬರುತ್ತೋ ಅದು. ನಾನು ಮಾತಿಗೆ ತಪ್ಪಲ್ಲ.”

ಅಪರ್ಣಳ ಕೆಲಸ ಡ್ಯಾಂಡಿನಾಂಗ್‌ನದೇ ಒಂದು ಶೀತಲ ಗೋದಾಮಿನಲ್ಲಿ. ಎರಡು ಗಂಟೆಗೊಮ್ಮೆ ಒಳಹೊಕ್ಕು, ಥರ್ಮಾಮೀಟರ್ ನೋಡಿ, ಪುಸ್ತಕದಲ್ಲಿ ಅಂಕಿ ಬರೆಯುವುದು. ಒಮ್ಮೆ ಮೇಲ್ವಿಚಾರಕ, ‘ಮೈನಸ್ ಹದಿನೈದನ್ನು ಹದಿನೆಂಟು ಅಂತ ಬರೆದುಬಿಡು’ ಎಂದು ಕಣ್ಣು ಮಿಟುಕಿಸಿದಾಗ ಪೆನ್ನನ್ನೇ ಅವನ ಕೈಗಿತ್ತು ಹೊರಬಂದಿದ್ದಳು. ನಾಲ್ಕು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದಿದವಳಲ್ಲ. ಮಗಳ ರಜೆಗೆಂದು ತಾನೂ ಎರಡು ವಾರ ರಜೆ ಹಾಕಿ ಮನೆಯಲ್ಲೇ ಉಳಿದಳು.

ಮೊದಲ ದಿನ ಬೆಳಿಗ್ಗೆ ಮನೆಯ ಪಕ್ಕದ ಓಣಿಗೆ ಹೋಗಿ ಮೀಟರಿನ ಪೆಟ್ಟಿಗೆ ತೆರೆದಳು. ಒಳಗೆ ಬಸವನಹುಳುಗಳು ಗಾಜಿಗೆ ಅಂಟಿಕೊಂಡು ಬೆಳ್ಳಿಯಂಥ ಲೋಳೆ ಎಳೆದಿದ್ದವು. ಕಡ್ಡಿಯಲ್ಲಿ ಅವನ್ನು ಬಿಡಿಸುವಾಗ ಒಂದು ಪಟ್ಟನೆ ಒಡೆಯಿತು. ಬೆರಳು ಒರೆಸಿಕೊಂಡು ಫೋಟೋ ತೆಗೆದಳು. ಒಳಗೆ ಬಂದು ಗ್ಯಾಸ್ ಫೈರನ್ನು ಹೊತ್ತಿಸಿದಳು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಆಮೇಲೆ ಪರದೆಯ ಹಿಂದಿನ ಎರಡು ಕಿಟಕಿಗಳನ್ನೂ ಪೂರ್ತಿ ತೆರೆದಳು.

ಇಡೀ ವಾರ ಹಾಗೇ ನಡೆಯಿತು. ಬೆಳಿಗ್ಗೆ ಏಳರಿಂದ ರಾತ್ರಿ ಮಲಗುವವರೆಗೆ ಬೆಂಕಿ ಬೀದಿಯನ್ನು ಕಾಯಿಸಿತು. ಮನೆಗೆ ಬೆಂಕಿ ಬಿದ್ದೀತೆಂಬ ಹೆದರಿಕೆಯಿಂದ ಅಪರ್ಣ ಅಡುಗೆಯ ಹೊತ್ತು ಬಿಟ್ಟರೆ ಅದರ ಮುಂದಿನಿಂದ ಕದಲಲಿಲ್ಲ. ಮೈ ಮುಂದೆ ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಸಾನ್ವಿ ಉಣ್ಣೆಯ ಬೀನಿ ಟೋಪಿ ಹಾಕಿಕೊಂಡು ಚಿತ್ರ ಬರೆಯುತ್ತ ಕೇಳಿದಳು, “ಅಮ್ಮಾ, ವೈ ಈಸ್ ದ ವಿಂಡೋ ಓಪನ್?”

“ಹೊಗೆ ಹೋಗ್ಲಿ ಅಂತ, ಪುಟ್ಟಿ.”

ಮಗು ಬೆಂಕಿಯನ್ನು ನೋಡಿತು. “ದೇರ್ಸ್ ನೋ ಹೊಗೆ.”

ಅಂದೇ ಸಂಜೆ ವಿಡಿಯೋ ಕಾಲಿನಲ್ಲಿ ಅವಳು ಅಪ್ಪನಿಗೆ ಅದನ್ನು ವರದಿ ಮಾಡಿದಳು. “ಅಮ್ಮ ಓಪನ್ಡ್ ದ ವಿಂಡೋ.” ಅಪರ್ಣ ಒಲೆಯ ಮುಂದೆ ಸೌಟು ಹಿಡಿದು ಕಲ್ಲಾದಳು.

“ವೆರಿ ಗುಡ್,” ಎಂದ ಅಭಿನಂದನ್. “ಗ್ಯಾಸ್ ಫೈರ್ ಇದ್ರೆ ಸ್ವಲ್ಪ ವೆಂಟಿಲೇಶನ್ ಬೇಕೇ ಬೇಕು. ಅಮ್ಮ ಈಸ್ ಸ್ಮಾರ್ಟ್.”

ಎರಡನೆಯ ವಾರ ಸೆಂಟ್ರಲ್ ಹೀಟಿಂಗಿನದು. ಹಗಲೆಲ್ಲ ಅದನ್ನು ಆರಿಸಿ, ಮಗಳನ್ನು ಕರೆದುಕೊಂಡು ಲೈಬ್ರರಿಯಲ್ಲಿ ಕೂತಳು. ಅದು ಮುಚ್ಚಿದ ಮೇಲೆ ಶಾಪಿಂಗ್ ಸೆಂಟರಿನ ಬೆಂಚು. ರಾತ್ರಿ ಮಾತ್ರ ಉರಿಸಿದಳು. ಹದಿನಾಲ್ಕು ಫೋಟೋ ತಪ್ಪದೆ ಹೋದವು. ಒಂದು ಅಂಕಿಯೂ ತಿದ್ದಿದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಬಾಯಲ್ಲಿ ಕಹಿಯಾಗಿ ಉಳಿಯಿತು.

ಅಭಿನಂದನ್ ಅಂಕಿಗಳನ್ನು ಎರಡೆರಡು ಸಲ ಕೂಡಿ ನೋಡಿದ. ಆಮೇಲೆ ಫೋನಿನಲ್ಲಿ ಅವನ ಸ್ವರ ಏರಿತ್ತು. “ನೋಡಿದ್ಯಾ? ಗ್ಯಾಸ್ ಫೈರಲ್ಲಿ ಶಾಖ ಎಲ್ಲ ಚಿಮಣೀಲಿ ಹೋಗ್ಬಿಡುತ್ತೆ. ಅದಕ್ಕೇ ಜಾಸ್ತಿ ಬಂದಿದೆ. ನಂಗೆ ಮೊದ್ಲಿಂದ ಡೌಟಿತ್ತು.” ಆರು ವಾರದ ಕೆಮ್ಮನ್ನು ನಂಬದವನು, ಡಾಕ್ಟರನ್ನು ನಂಬದವನು, ಲೋಳೆ ಮೆತ್ತಿದ ಒಂದು ಗಾಜಿನ ಫೋಟೋವನ್ನು ನಂಬಿದ. ಅಂದಿನಿಂದ ರಾತ್ರಿ ಟಿಕ್ ಎನ್ನುವುದು ನಿಂತಿತು. ಸಾನ್ವಿಯ ಕೋಣೆಯ ಕಿಟಕಿ ಒಣಗಿತು. ಕೆಮ್ಮು ಮೊದಲು ಬೆಳಗಿನ ಜಾವಕ್ಕೆ ಸರಿದು, ಆಮೇಲೆ ಹೋಯಿತು. ಜಾಲರಿಯ ಮೇಲಿಟ್ಟ ದೋಸೆಹಿಟ್ಟು ಪಾತ್ರೆ ತುಂಬಿ ಉಕ್ಕಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಭಿನಂದನ್ ಕೆಂಪು, ನೀಲಿ ಬಣ್ಣದ ಒಂದು ಚಾರ್ಟ್ ಮಾಡಿ ಕನ್ನಡದವರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ. ‘ಇದು ಅಂದಾಜಲ್ಲ, ಸ್ವಂತ ಮನೆಯ ಪ್ರಯೋಗ’ ಎಂದು ಬರೆದ. ಇನ್ನೂರು ಜನ ನೋಡಿದರು. ಹೆಬ್ಬೆರಳುಗಳು ಸಾಲುಗಟ್ಟಿದವು. ಅಪರ್ಣ ಫೋನನ್ನು ಬೋರಲು ಹಾಕಿದಳು. ಯಾರಾದರೂ ಇದನ್ನೆಲ್ಲ ಗಂಭೀರವಾಗಿ ತೆಗೆದುಕೊಳ್ಳುತ್ತಾರೆಯೇ ಎಂದುಕೊಂಡಳು.

ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬ ಕ್ರೇಗಿಬರ್ನಿನ ಕಮ್ಯುನಿಟಿ ಹಾಲಿನಲ್ಲಿ ನಡೆಯಿತು. ಅಭಿನಂದನ್ ಕೂಡ ಸಿಡ್ನಿಯಿಂದ ಬಂದಿದ್ದ. ಊಟದ ಸಾಲಿನಲ್ಲಿ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಅನುಸೂಯ ಆಂಟಿ. ಆ ಕಮ್ಯುನಿಟಿ ಹಾಲಿನ ಹತ್ತಿರದಲ್ಲೇ ಅವರ ಮನೆ. ಗಂಡ ವೆಂಕಟರಾಮ ಅಂಕಲ್ ಮೇಷ್ಟರಾಗಿ ನಿವೃತ್ತರಾದವರು. ಇಬ್ಬರೂ ಪಿಂಚಣಿಯಲ್ಲಿ ಬದುಕುವವರು. ಆಂಟಿ ಕೋಟಿನ ಮೇಲೆ ಶಾಲು, ಶಾಲಿನ ಮೇಲೆ ಮಫ್ಲರ್ ಸುತ್ತಿಕೊಂಡಿದ್ದರು.

“ಏನಮ್ಮಾ ಅಪರ್ಣ, ನಿಮ್ಮೆಜಮಾನ್ರ ಚಾರ್ಟ್ ನಂಬಿ ನಾವು ಕೆಟ್ವಲ್ಲೇ,” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. “ಆರಾಮಾಗಿ ಗ್ಯಾಸ್ ಫೈರ್ ಮುಂದೆ ಕೂತಿದ್ವಿ. ಇವರು ‘ಅಭಿ ಇಂಜಿನಿಯರ್, ಲೆಕ್ಕ ಹಾಕಿ ಹೇಳಿರ್ತಾನೆ’ ಅಂತ ಒಂದು ತಿಂಗಳು ಸೆಂಟ್ರಲ್ ಹಾಕಿದ್ರು. ಬಿಲ್ ನೋಡಿ ಎದೆ ಹಿಡ್ಕೊಂಡ್ರು ಕಣಮ್ಮ. ಎಲ್ಲೋ ಲೀಕ್ ಆಗಿದೆ ಅಂತ ಗ್ಯಾಸ್‌ನೋನ್ನ ಕರೆಸಿದ್ವಿ. ಅವನು ಏನೂ ಇಲ್ಲ ಅಂದು, ಅದಕ್ಕೂ ದುಡ್ಡು ತಗೊಂಡ.”

“ಈಗೇನ್ ಮಾಡ್ತಿದ್ದೀರಿ ಆಂಟಿ?”

“ಎರಡೂ ಬಂದ್. ಬೆಳಿಗ್ಗೆ ಟಿಫಿನ್ ಡಬ್ಬಿ ತಗೊಂಡು ಲೈಬ್ರರಿಗೆ ಹೋಗಿಬಿಡ್ತೀವಿ. ಅಲ್ಲಿ ಬೆಚ್ಚಗಿರುತ್ತೆ. ಇವರು ಪೇಪರ್ ಓದ್ತಾ ಗೊರಕೆ ಹೊಡೀತಾರೆ, ನಂಗೆ ಮಾನ ಹೋಗುತ್ತೆ.”

ಅಷ್ಟರಲ್ಲಿ ವೆಂಕಟರಾಮ ಅಂಕಲ್ ಬಂದರು. ಅವರ ಮೂಗಿನ ತುದಿ ಕೆಂಪಗಿತ್ತು. ಆರೋಪವಿಲ್ಲದ ಮೆಲುದನಿಯಲ್ಲಿ ಕೇಳಿದರು, “ಅಮ್ಮಾ, ನಿಮ್ಮನೇಲಿ ನಿಜವಾಗ್ಲೂ ಹಾಗೇ ಬಂತಾ? ನಾನೆಲ್ಲಿ ತಪ್ಪಿದೆ ಅಂತ ತಿಳೀಬೇಕಿತ್ತು, ಅಷ್ಟೇ.”

ಅಪರ್ಣ ಬಾಯಿ ತೆರೆದಳು. ಅವಳು ಏನಾದರೂ ಅನ್ನುವ ಮೊದಲೇ ಅಭಿನಂದನ್ ಪಾಯಸದ ಬಟ್ಟಲು ಹಿಡಿದು ನಡುವೆ ತೂರಿದ. “ಅಂಕಲ್, ನಿಮ್ಮ ನೆಲದಡಿ ಪೈಪ್ ಹರಿದಿರುತ್ತೆ. ಇಲ್ಲಾ ನೀವು ಇಪ್ಪತ್ತೈದಕ್ಕೆ ಇಟ್ಟಿರ್ತೀರಿ. ಡೇಟಾ ಈಸ್ ಡೇಟಾ.” ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ. ಆ ಬೆರಳನ್ನು ಅಪರ್ಣ ನೋಡಿದಳು. ಸಿಡ್ನಿಯ ಬೆವರು ನೆನಪಾಯಿತು. ಅದರ ಬೆನ್ನಿಗೇ, ಬಸವನಹುಳುವಿನ ಲೋಳೆ ಒರೆಸಿಕೊಂಡ ತನ್ನ ಬೆರಳೂ ನೆನಪಾಯಿತು. ಯಾವುದು ಹೆಚ್ಚು ಅಸಹ್ಯವೆಂದು ಅವಳಿಗೆ ಹೇಳಲಾಗಲಿಲ್ಲ.

ನಿಜ ಹೇಳಿದರೆ ಇವತ್ತೇ ರಾತ್ರಿ ಗೋಡೆ ಟಿಕ್ ಎನ್ನುತ್ತದೆ.

“ಅಂಕಲ್,” ಎಂದಳು, ಒಂದೊಂದು ಮಾತನ್ನೂ ತೂಗಿ. “ನೀವು ತಪ್ಪಿಲ್ಲ. ಇಬ್ಬರಿಗೆ ಒಂದು ಕೋಣೆ ಸಾಕು. ಅದಕ್ಕೆ ಗ್ಯಾಸ್ ಫೈರೇ ಅಗ್ಗ. ಇವತ್ತೇ ಹಾಕ್ಕೊಳ್ಳಿ. ಲೈಬ್ರರಿಗೆ ಹೋಗ್ಬೇಡಿ.”

“ಹಾಗಾದ್ರೆ ಚಾರ್ಟು?”

“ಚಾರ್ಟ್ ನಮ್ಮನೇದು ಅಂಕಲ್. ನಿಮ್ಮನೇದಲ್ಲ.”

ವಾಪಸು ಬರುವಾಗ ಕಾರಿನಲ್ಲಿ ಅಭಿನಂದನ್ ಮುಖ ಗಂಟಿಕ್ಕಿದ್ದ. “ಎಲ್ಲರೆದುರಿಗೆ ನನ್ನ ಡೇಟಾ ಸುಳ್ಳು ಅಂದ ಹಾಗಾಯ್ತು.”

“ಸುಳ್ಳು ಅನ್ಲಿಲ್ಲ. ಅವರು ಇಬ್ಬರೇ, ನಾವು ಬೇರೆ ಅಂದೆ.”

ಹಿಂದಿನ ಸೀಟಿನಿಂದ ಸಾನ್ವಿ ಕೇಳಿದಳು, “ಅಪ್ಪಾ, ಡಿಡ್ ದೇ ಓಪನ್ ದೇರ್ ವಿಂಡೋಸ್ ಟೂ? ಆಲ್ ಡೇ?”

“ಯಾವ ವಿಂಡೋ ಪುಟ್ಟಾ? ಆಲ್ ಡೇ ಅಂದ್ರೆ?”

ಅಪರ್ಣ ಮುಂದಿನ ಕನ್ನಡಿಯನ್ನು ನೋಡಿದಳು. ಅಲ್ಲಿ ಮಗಳ ಕಣ್ಣು ಸಿಕ್ಕಿತು. ಸಾನ್ವಿ ತಾಯಿಯ ಮುಖವನ್ನು ಓದಿದಳು. ಓದುವುದಕ್ಕೆ ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

“ನಥಿಂಗ್, ಅಪ್ಪಾ,” ಎಂದಳು, ತೀರ ಸಹಜವಾಗಿ. “ಐ ಫರ್ಗಾಟ್.” ಕಿಟಕಿಯಾಚೆ ತಿರುಗಿ, ಗಾಜಿನ ಮೇಲೆ ಉಸಿರು ಊದಿ ಚಿತ್ರ ಬರೆಯತೊಡಗಿದಳು.

ಅಪರ್ಣ ತನ್ನ ಬದಿಯ ಕಿಟಕಿಯನ್ನು ಒಂದಿಷ್ಟು ಇಳಿಸಿದಳು. ಎಲ್ಲವನ್ನೂ ಇಲ್ಲೇ ಕಕ್ಕಿಬಿಡಬೇಕೆನಿಸಿತು. ನುಂಗಿಕೊಂಡಳು. ಗಂಡನಿಗೆ ಹೇಳುವುದಿಲ್ಲ. ಅಂಕಲ್, ಆಂಟಿಗೆ ಹೇಳುವುದಿಲ್ಲ. ಭಾನುವಾರ ಮೈಸೂರಿನಿಂದ ಫೋನ್ ಮಾಡುವ ಅಮ್ಮನಿಗೂ ಇಲ್ಲ. ನಿನಗೆ ಎಷ್ಟು ಗೊತ್ತು ಎಂದು ಸಾನ್ವಿಯನ್ನು ಕೂಡ ಎಂದೂ ಕೇಳುವುದಿಲ್ಲ. ಯಾರಿಗೂ ಇಲ್ಲ.

ಸಿಗ್ನಲ್ಲಿನಲ್ಲಿ ಅಭಿನಂದನ್ ತನ್ನ ಫೋನನ್ನು ಅವಳ ಮಡಿಲಿಗೆ ಹಾಕಿದ. “ಹೀಟಿಂಗ್ ಆನ್ ಮಾಡ್ಬಿಡು. ಹೋಗೋ ಹೊತ್ತಿಗೆ ಮನೆ ಬೆಚ್ಚಗಿರುತ್ತೆ.”

ಅಪರ್ಣ ಹೆಬ್ಬೆರಳಿಟ್ಟು ಒತ್ತಿದಳು. ಸದ್ದೇನೂ ಕೇಳಿಸಲಿಲ್ಲ.